ಸೃಜನಶೀಲತೆ ಬೆಳೆಸಿಕೊಳ್ಳಲು ಕೆಲಸ ಬಿಟ್ಟು ಒಂದು ವರ್ಷ ಕೊಡಗಿನಲ್ಲಿ ಇರಬಹುದೇ?

ಬ್ಯಾಂಕಿನ ಕೆಲಸ ನಿಮ್ಮ ಬರವಣಿಗೆಯನ್ನು ನುಂಗಿ ಹಾಕಿದೆ, ಬರೆಯುವ ವಾತಾವರಣ ಬೇಕೆಂದು ಮಡಿಕೇರಿಯಲ್ಲಿ ಮನೆ ನೋಡಿ ಮುಂಗಡವನ್ನೂ ಕೊಟ್ಟಾಗಿದೆ, ರಾಜೀನಾಮೆ ಪತ್ರವೊಂದೇ ಬಾಕಿ ಎಂದಿದ್ದೀರಿ. ಓದುತ್ತಾ ಮೊದಲು ನಗು ಬಂತು, ಆಮೇಲೆ ಸಂಕಟವಾಯಿತು. ಆ ಪತ್ರವನ್ನು ನಾನು 2017ರ ಏಪ್ರಿಲ್‌ನಲ್ಲಿ ಬರೆದುಕೊಟ್ಟಿದ್ದೇನೆ.

ನಾನು ರೈಟರ್. ಹೊರಗಿನವರಿಗೆ ಹೀಗೆಂದರೆ ಯಾವ ಕಾದಂಬರಿ ಬರೆದಿದ್ದೀರಿ ಎಂದು ಕೇಳುತ್ತಾರೆ. ಕೊಡಗಿನ ಕಾಫಿ ತೋಟಗಳಲ್ಲಿ ರೈಟರ್ ಎಂದರೆ ಕಾರ್ಮಿಕರ ಹಾಜರಿ ಹಾಕುವವನು, ಕೊಯ್ದ ಹಣ್ಣಿನ ತೂಕ ಬರೆಯುವವನು, ಗೊಬ್ಬರ, ಡೀಸೆಲ್‌ಗಳ ಲೆಕ್ಕ ಇಡುವವನು, ವಾರದ ಬಟವಾಡೆ ಮಾಡುವವನು. ಸಿದ್ದಾಪುರದ ಕಡೆ ಒಂದು ತೋಟದಲ್ಲಿ ನಾಲ್ಕು ವರ್ಷ ಮೂರು ತಿಂಗಳು ಇದೇ ಕೆಲಸ ಮಾಡಿದೆ.

ದಿನದ ಮೊದಲ ಕೆಲಸ ಮಳೆ ಅಳೆಯುವುದು. ತೋಟದವರ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟು ಸೇರಿದರೆ ಒಂದು ಇಂಚು. ರೇಡಿಯೋದವರು 25 ಮಿಲಿಮೀಟರ್ ಎಂದರೆ ನಮಗೆ ಏನೂ ಅನ್ನಿಸುವುದಿಲ್ಲ, ಒಂದು ಇಂಚು ಎಂದರೆ ಮಾರ್ಚಿನಲ್ಲಿ ಮುಖ ಅರಳುತ್ತದೆ, ಏಕೆಂದರೆ ಅದು ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ. ಅದೇ ಒಂದು ಇಂಚು ಜನವರಿಯಲ್ಲಿ, ಕಣದ ತುಂಬ ಹಣ್ಣು ಹರಡಿಕೊಂಡಿರುವಾಗ ಬಿದ್ದರೆ ಬಾಯಿಗೆ ಬಂದಂತೆ ಶಪಿಸುತ್ತೇವೆ. ರಿಜಿಸ್ಟರಿನಲ್ಲಿ ಐದು ಕಾಲಂ: ತಾರೀಖು, ಇಂದಿನ ಮಳೆ, ಈವರೆಗಿನ ಒಟ್ಟು, ಹೋದ ವರ್ಷದ ಒಟ್ಟು, ಕಡೆಗೆ ಷರಾ. ಷರಾ ಎಂದರೆ ಟಿಪ್ಪಣಿಗೆ ಬಿಟ್ಟ ಎರಡು ಬೆರಳಿನಷ್ಟು ಅಗಲದ ಜಾಗ. ‘ಗುಡುಗು’, ‘ಗಾಳಿ’ ಎಂದು ಗೀಚಿದರೆ ಮುಗಿಯಿತು.

ಒಂದು ದಿನ ಬೇಸರಕ್ಕೆ ಹೀಗೆ ಬರೆದೆ: ‘ಆಲಿಕಲ್ಲು. ಮೇಸ್ತ್ರಿ ಟೊಪ್ಪಿಯಲ್ಲಿ ಹಿಡಿದು ಮಗಳಿಗೆ ಒಯ್ದರು.’ ಯಾರೂ ಬೈಯಲಿಲ್ಲ. ಬಹುಶಃ ಯಾರೂ ಓದಲಿಲ್ಲ. ಮರುದಿನ: ‘ಮಳೆ ಇಲ್ಲ. ಜೀಪಿನ ಕೆಳಗೆ ನಾಯಿ ಮರಿ ಹಾಕಿದೆ, ಜೀಪು ಇಂದು ಹೊರಡುವುದಿಲ್ಲ.’ ಹಾಗೆ ದಿನಕ್ಕೊಂದು ಸಾಲು. ಭಾನುವಾರ ಅವುಗಳಲ್ಲಿ ಒಂದನ್ನು ಹಿಗ್ಗಿಸಿ ಅರ್ಧ ಪುಟ ಮಾಡುತ್ತಿದ್ದೆ. ಕೆಲವು ಪತ್ರಿಕೆಯಲ್ಲಿ ಬಂದವು. ನಾಲ್ಕು ಜನ ಚೆನ್ನಾಗಿದೆ ಎಂದರು. ಅಲ್ಲಿಗೆ ತಲೆ ತಿರುಗಿತು.

ಕೆಲಸ ಬಿಟ್ಟದ್ದೇ ನನ್ನ ತಪ್ಪು ಎಂದುಕೊಳ್ಳಬೇಡಿ. ಅದರಿಂದ ನಷ್ಟವಾಯಿತು, ನಿಜ. ಇನ್ನು ಒಂಬತ್ತು ತಿಂಗಳು ದುಡಿದು ಐದು ವರ್ಷ ತುಂಬಿಸಿದ್ದರೆ 1972ರ ಕಾಯ್ದೆಯಂತೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಯಿಟಿ ಸಿಗುತ್ತಿತ್ತು. ಹೋಯಿತು. ಆದರೆ ನನ್ನನ್ನು ಇಂದಿಗೂ ಕೊರೆಯುವುದು ಬೇರೆ.

ಕೊನೆಯ ದಿನ ಹೊಸ ರೈಟರಿಗೆ ಬೀಗದ ಕೈ, ಹಾಜರಿ ಪುಸ್ತಕ, ಮಳೆ ರಿಜಿಸ್ಟರ್ ಒಪ್ಪಿಸಿದೆ. ಆ ಹುಡುಗ ಪುಟ ತಿರುವುತ್ತಾ, ‘ಅಣ್ಣಾ, ನೀವು ಬರೆದದ್ದನ್ನು ಇಳಿಸಿಕೊಳ್ಳುವುದಿಲ್ಲವೇ?’ ಎಂದು ಕೇಳಿದ. ‘ಬಿಡಪ್ಪಾ, ಅದೆಲ್ಲ ಪುರುಸೊತ್ತಿಲ್ಲದಾಗ ಗೀಚಿದ್ದು, ಇನ್ನು ದೊಡ್ಡದು ಬರೆಯುತ್ತೇನೆ’ ಎಂದೆ. ತಪ್ಪು ಅದು, ಆ ಮಾತು. ಸಾಲುಗಳು ಚಿಕ್ಕದಾದದ್ದು ಸಮಯ ಸಾಲದ್ದರಿಂದ, ಸಮಯ ಹಿಗ್ಗಿದರೆ ಸಾಲೂ ಹಿಗ್ಗುತ್ತದೆ ಎಂದು ನಂಬಿದ್ದೆ. ಎರಡು ಬೆರಳಿನ ಆ ಜಾಗವೇ ನನ್ನಿಂದ ಬರೆಸುತ್ತಿತ್ತು ಎಂದು ಹೊಳೆಯಲೇ ಇಲ್ಲ. ಇನ್ನೂ ಬಿಡಿಸಿ ಹೇಳಬೇಕೆಂದರೆ, ಏನಾದರೊಂದು ಬರೆಯಲೇಬೇಕಲ್ಲ ಎಂದು ನಾನು ಬೆಳಗಿನಿಂದ ಕಣ್ಣು ತೆರೆದುಕೊಂಡು ಓಡಾಡುತ್ತಿದ್ದೆ. ಮಳೆ ಅಳೆಯುವುದು ನಿಂತಿತು, ನೋಡುವುದೂ ನಿಂತಿತು. ಬಾಡಿಗೆ ಮನೆಯ ಅಂಗಳದಲ್ಲಿ ಒಂದು ಹಳೆಯ ಡಬ್ಬಿ ಇಟ್ಟು ಅಳೆಯಬಹುದಿತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಡಲಿಲ್ಲ. ನಾನೀಗ ಸಾಹಿತಿ ಎಂಬ ಜಂಬ.

ಮಡಿಕೇರಿಯಲ್ಲೇ ಕೋಣೆ ಹಿಡಿದೆ, ಕಿಟಕಿಯ ಬಳಿ ಮೇಜು, ಗೆರೆಯಿಲ್ಲದ ದಪ್ಪ ಪುಸ್ತಕ. ಜೂನ್ ಬಂತು. ಕರೆಂಟು ಹೋದರೆ ಮೂರು ದಿನ. ಬಟ್ಟೆ ಒಣಗಿಸಲು ಒಲೆಯ ಮೇಲೆ ಹಗ್ಗ. ಜುಲೈ ಹೊತ್ತಿಗೆ ಪುಸ್ತಕದ ರಟ್ಟಿಗೆ ಹಸಿರು ಬೂಷ್ಟು ಹಿಡಿದಿತ್ತು, ಒಳಗೆ ಎರಡು ಪುಟ ಬರೆದಿದ್ದೆ. ನೀವು ಹೇಳುವ ‘ವಾತಾವರಣ’ ಇದೇ. ಒಂದು ವರ್ಷದಲ್ಲಿ ಆರು ಪುಟ. ಅವೂ ಮಂಜಿನ ಬಗ್ಗೆ.

ದುಡ್ಡು ಮುಗಿದಾಗ ಹಳೆಯ ಸಾಲುಗಳ ನೆನಪಾಗಿ ತೋಟಕ್ಕೆ ಹೋದೆ. ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ರಿಜಿಸ್ಟರುಗಳನ್ನು ಗುಜರಿಗೆ ಹಾಕಿದ್ದರು. ಕಂಪ್ಯೂಟರಿನಲ್ಲಿ ಷರಾ ಕಾಲಂ ಇರಲಿಲ್ಲ. ನಾಲ್ಕು ವರ್ಷದ ಸಾಲುಗಳಲ್ಲಿ ಈಗ ನನಗೆ ನೆನಪಿರುವುದು ಒಂದು ಮೂವತ್ತು.

2018ರ ಜುಲೈನಲ್ಲಿ ಚೆಟ್ಟಳ್ಳಿಯ ಕಡೆ ಮತ್ತೆ ರೈಟರಾಗಿ ಸೇರಿದೆ, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಆ ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ವಾರ ಬರೀ ಅಳತೆ ಬರೆದೆ, ಷರಾ ಖಾಲಿ ಬಿಟ್ಟೆ. ಅದು ಬಿಟ್ಟರೆ ಇಂದಿನವರೆಗೆ ಒಂದು ದಿನವೂ ತಪ್ಪಿಸಿಲ್ಲ. ಪ್ರತಿ ಸಾಲನ್ನೂ ನನ್ನ ಜೇಬಿನ ಪುಸ್ತಕಕ್ಕೂ ಇಳಿಸಿಕೊಳ್ಳುತ್ತೇನೆ.

ಕೆಲಸದಲ್ಲಿ ಸೃಜನಶೀಲತೆ ಹೇಗೆ ಎಂದೂ ಕೇಳಿದ್ದೀರಿ. ಒಂದು ಕೊಯ್ಲಿನಲ್ಲಿ ಷರಾ ತಿರುವಿ ನೋಡಿದರೆ ಒಂದೇ ತಿಂಗಳಲ್ಲಿ ಆರು ಸಲ ‘ತೂಕದ ಹೊತ್ತಿನಲ್ಲಿ ಚೀಲಕ್ಕೆ ಜಗಳ’ ಎಂದಿತ್ತು. ಎಲ್ಲ ಚೀಲಗಳೂ ಒಂದೇ ಥರ, ಕಿಲೋ ಲೆಕ್ಕದಲ್ಲಿ ಕೂಲಿ, ಜಗಳವಾಗದೆ ಇನ್ನೇನು? ಹಳೆಯ ಸೀರೆಗಳ ಅಂಚು ಹರಿದು ಒಂದೊಂದು ಮನೆಯವರಿಗೆ ಒಂದೊಂದು ಬಣ್ಣ ಕೊಟ್ಟೆ, ಚೀಲದ ಬಾಯಿಗೆ ಕಟ್ಟಲು. ಜಗಳ ನಿಂತಿತು. ಮಾಲೀಕರು ತಲೆ ಓಡಿಸಿದ್ದೀಯ ಎಂದರು. ಓಡಿಸಿದ್ದೇನೂ ಇಲ್ಲ, ನನ್ನದೇ ಬರಹವನ್ನು ಓದಿದ್ದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸುಂಟಿಕೊಪ್ಪದ ಬಳಿ ತೋಟದಲ್ಲಿ ಸಂಸಾರ ನಡೆಸುತ್ತಾ ಕಥೆ ಬರೆದ ಕೊಡಗಿನ ಗೌರಮ್ಮನವರು 1939ರಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ. ಬಿಡುವಿನ ವರ್ಷ ಬರಲಿ ಎಂದು ಕಾದಿದ್ದರೆ ನಮಗೆ ಒಂದು ಕಥೆಯೂ ಸಿಗುತ್ತಿರಲಿಲ್ಲ. ಬ್ಯಾಂಕಿನಲ್ಲಿ ಬರೆಯುವಂಥದ್ದು ಏನಿದೆ ಎನ್ನಬೇಡಿ. ಚಲನ್ ತುಂಬಲು ಪೆನ್ನು ಕೇಳಿ ಪಡೆದು ಜೇಬಿಗೇ ಸೇರಿಸಿಕೊಂಡು ಹೋಗುವವರ ಮೇಲೆ ಒಂದು ವರ್ಷ ಬರೆಯಬಹುದು. ದಿನಕ್ಕೊಂದು ಸಾಲು, ಎರಡು ಬೆರಳಿನಷ್ಟು ಜಾಗ, ಅದಕ್ಕಿಂತ ಹೆಚ್ಚು ಬೇಡ.

ಮುಂಗಡವನ್ನು ಈಗಲೇ ವಾಪಸ್ ಕೇಳಿ. ಜೂನ್‌ಗೆ ಮೊದಲು ಕೇಳಿದರೆ ಸಿಕ್ಕೀತು; ಮಳೆ ಹಿಡಿದ ಮೇಲೆ ಮಡಿಕೇರಿಯಲ್ಲಿ ಮನೆ ನೋಡಲು ಬೇರೆ ಯಾರೂ ಬರುವುದಿಲ್ಲ, ಮಾಲೀಕರು ನಿಮ್ಮನ್ನು ಬಿಡುವುದಿಲ್ಲ.