ಲೇಸರನ್ನ ಬೇಗ ಆನ್-ಆಫ್ ಮಾಡಿದ್ರೆ ಸಾಕಲ್ವಾ?

ಪ್ರಶ್ನೆ: 2023ರ ಫಿಸಿಕ್ಸ್ ನೊಬೆಲ್ ಅಟೋಸೆಕೆಂಡ್ ಬೆಳಕಿನ ಪಲ್ಸ್ ಮಾಡಿದವರಿಗೆ ಬಂತಲ್ಲ, ಅಷ್ಟು ಚಿಕ್ಕ ಪಲ್ಸ್ ಹೇಗೆ ಮಾಡ್ತಾರೆ ಸರ್? ಅಷ್ಟು ಸ್ಪೀಡಾಗಿ ಲೇಸರ್ ಆನ್-ಆಫ್ ಮಾಡೋ ಸ್ವಿಚ್ ಇದೆಯಾ?
- ಓದುಗರು, ತುಮಕೂರು

ಉತ್ತರ: ಅಂಥ ಸ್ವಿಚ್ ಇಲ್ಲ, ಇದ್ದಿದ್ರೂ ಪ್ರಯೋಜನ ಆಗ್ತಿರಲಿಲ್ಲ. ಒಂದು ಸೆಕೆಂಡನ್ನ ನೂರು ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನ ಮತ್ತೆ ನೂರು ಕೋಟಿ ಭಾಗ ಮಾಡಿದ್ರೆ ಸಿಗೋದು ಅಟೋಸೆಕೆಂಡ್. ಈ ಕೆಲಸಕ್ಕೆ ತುಂಬಾ ಬಳಸೋ ಟೈಟೇನಿಯಂ-ಸಫೈರ್ ಲೇಸರ್‌ದು 800 ನ್ಯಾನೋಮೀಟರ್ ಅಲೆಯುದ್ದದ ಬೆಳಕು, ಅದರ ಒಂದೇ ಒಂದು ಅಲೆ ಏರಿ ಇಳಿಯೋಕೇ ಸುಮಾರು 2,700 ಅಟೋಸೆಕೆಂಡ್ ಬೇಕು, ಒಂದು ಅಲೆನೇ ಅಷ್ಟುದ್ದ ಇದ್ಮೇಲೆ ಪಲ್ಸ್ ಅದಕ್ಕಿಂತ ಗಿಡ್ಡ ಎಲ್ಲಿಂದ ಆಗ್ಬೇಕು? ಹಾಗಾಗಿ ಇನ್ನೂ ಗಿಡ್ಡ ಅಲೆಯ ಬೆಳಕನ್ನೇ ಹೊಸದಾಗಿ ಹುಟ್ಟಿಸ್ಬೇಕು.

ಅದನ್ನ ಹುಟ್ಟಿಸೋದು ಪರಮಾಣು, ನನಗೆ ಇಡೀ ಕತೆಲಿ ತುಂಬಾ ಇಷ್ಟ ಆಗೋದು ಇದೇ. ಆರ್ಗಾನ್ ಥರದ ಗ್ಯಾಸ್ ಒಳಗೆ ಜೋರಾದ ಲೇಸರ್ ಪಲ್ಸ್ ಬಿಟ್ರೆ ಅದರ ವಿದ್ಯುತ್ ಕ್ಷೇತ್ರ ಪರಮಾಣುವಿಂದ ಎಲೆಕ್ಟ್ರಾನನ್ನ ಕಿತ್ತು ದೂರ ಎಳ್ಕೊಂಡು ಹೋಗುತ್ತೆ, ಅಷ್ಟರಲ್ಲಿ ಅಲೆಯ ದಿಕ್ಕು ತಿರುಗುತ್ತೆ, ಎಲೆಕ್ಟ್ರಾನ್ ವಾಪಸ್ ಓಡಿ ಬಂದು ತನ್ನ ಪರಮಾಣುವಿಗೇ ಸೇರ್ಕೊಳ್ಳುತ್ತೆ, ದಾರೀಲಿ ಗಳಿಸಿದ ಶಕ್ತಿಯೆಲ್ಲ ಆ ಕ್ಷಣದಲ್ಲಿ ಅತಿ ನೇರಳೆ ಬೆಳಕಾಗಿ ಹೊರಗೆ ಬರುತ್ತೆ. ತಂಬೂರಿ ತಂತಿ ಮೀಟಿದ್ರೆ ಮೂಲ ಸ್ವರದ ಜೊತೆ ಮೇಲಿನ ಸ್ವರಗಳೂ ಕೇಳ್ತವಲ್ಲ, ಹಾಗೇ ಇಲ್ಲಿ ಲೇಸರ್ ಬೆಳಕಿನ ಹತ್ತಾರು ಪಟ್ಟು ಆವರ್ತನದ ಬೆಳಕುಗಳು ಒಟ್ಟಿಗೆ ಏಳ್ತವೆ, ಎಲ್ಲಾ ತಾಳ ಕೂಡಿ ಸೇರಿದಾಗ ಅಟೋಸೆಕೆಂಡ್ ಪಲ್ಸ್. 2023ರ ನೊಬೆಲ್ ಹಂಚ್ಕೊಂಡ ಮೂವರಲ್ಲಿ ಒಬ್ಬರಾದ ಆನ್ ಲುಯಿಲಿಯೆ ಮತ್ತು ಜೊತೆಗಾರರು ಫ್ರಾನ್ಸಲ್ಲಿ ಈ ಮೇಲಿನ ಸ್ವರಗಳನ್ನ 1987ರಲ್ಲೇ ನೋಡಿದ್ರು.

ಲೇಸರ್ ಮಾತ್ರ ಸಖತ್ ಪವರ್‌ಫುಲ್ ಇರ್ಬೇಕು, ಆದ್ರೆ ಚಿಕ್ಕ ಪಲ್ಸನ್ನ ಹಾಗೇ ಜೋರು ಮಾಡೋಕೆ ಹೋದ್ರೆ ಲೇಸರ್ ಒಳಗಿನ ಹರಳೇ ಸುಟ್ಟು ಹೋಗುತ್ತೆ. 1985ರಲ್ಲಿ ಡೋನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ಅನ್ನೋ ಇಬ್ಬರು ವಿಜ್ಞಾನಿಗಳು ಇದಕ್ಕೆ ದಾರಿ ಕಂಡ್ಕೊಂಡ್ರು: ಮೊದಲು ಪಲ್ಸನ್ನ ಉದ್ದಕ್ಕೆ ಎಳಿ, ಆಮೇಲೆ ಶಕ್ತಿ ತುಂಬು, ಕೊನೆಗೆ ಮತ್ತೆ ಒತ್ತಿ ಗಿಡ್ಡ ಮಾಡು. ಅವರಿಗೆ 2018ರಲ್ಲಿ ನೊಬೆಲ್ ಬಂತು.

ಲೇಸರ್ ಅಲೆ ಪ್ರತಿ ಅರ್ಧ ಸುತ್ತಿಗೂ ಒಂದು ಪಲ್ಸ್ ಹುಟ್ಟೋದ್ರಿಂದ ಸಾಮಾನ್ಯವಾಗಿ ಸಿಗೋದು ಪಲ್ಸ್‌ಗಳ ಸರ. 2001ರಲ್ಲಿ 2023ರ ನೊಬೆಲ್‌ನ ಇನ್ನೊಬ್ಬ ಪಾಲುದಾರ ಪಿಯರ್ ಅಗಸ್ಟಿನಿ ತಂಡ ಅಂಥ ಸರ ಅಳೆದ್ರು, ಒಂದೊಂದು ಪಲ್ಸೂ 250 ಅಟೋಸೆಕೆಂಡ್. ಅದೇ ವರ್ಷ ವಿಯೆನ್ನಾದಲ್ಲಿ ಮೂರನೇ ಪಾಲುದಾರ ಫೆರೆಂಕ್ ಕ್ರೌಸ್ ತಂಡ 650 ಅಟೋಸೆಕೆಂಡ್‌ನ ಒಂಟಿ ಪಲ್ಸ್ ಬೇರೆ ಮಾಡಿ ತೋರಿಸ್ತು. ಒಂಟಿ ಪಲ್ಸ್‌ಗೆ ಯಾಕಿಷ್ಟು ಕಷ್ಟ ಪಡ್ಬೇಕು ಅಂತೀರಾ, ನಿಯಾನ್ ಪರಮಾಣುವಿಗೆ ಬೆಳಕು ಬಿದ್ದಾಗ ಎರಡು ಬೇರೆ ಕಕ್ಷಕಗಳ (ಪರಮಾಣುವಿನಲ್ಲಿ ಎಲೆಕ್ಟ್ರಾನ್ ಇರೋ ಜಾಗಗಳು) ಎಲೆಕ್ಟ್ರಾನ್ ಒಂದೇ ಹೊತ್ತಿಗೆ ಹೊರಗೆ ಬರಲ್ಲ, ಸುಮಾರು 20 ಅಟೋಸೆಕೆಂಡ್ ಹಿಂದೆ ಮುಂದೆ ಆಗುತ್ತೆ ಅಂತ 2010ರಲ್ಲಿ ಅಳೆಯೋಕೆ ಆಗಿದ್ದು ಇಂಥ ಪಲ್ಸ್ ಕೈಲಿ ಇದ್ದಿದ್ರಿಂದ.