43ರ ಬೋಪಣ್ಣ ಗೆದ್ದದ್ದು ಡಬಲ್ಸ್ ಸುಲಭವಾದ ಆಟ ಎಂಬ ಕಾರಣಕ್ಕೇ?

ನೀವು ಕೇಳಿರುವುದು ಇದು: “ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು ಎಂದರೆ, ಪುರುಷರ ಡಬಲ್ಸ್ ಎನ್ನುವುದು ಸಿಂಗಲ್ಸ್‌ನಲ್ಲಿ ನಿಲ್ಲಲಾಗದವರಿಗೆ ಉಳಿದ ಸುಲಭದ ಆಟ ಎಂದು ಅರ್ಥವಲ್ಲವೇ?”

ಖಂಡಿತ ಅಲ್ಲ. ಈ ಮಾತನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ, ಕೇಳಿದಾಗಲೆಲ್ಲ ಮನಸ್ಸಿಗೆ ಹಿಂಸೆಯಾಗುತ್ತದೆ. 2024ರ ಜನವರಿಯ ಆ ಎರಡು ವಾರಗಳಲ್ಲಿ ನಡೆದದ್ದೇನು ಎಂಬುದನ್ನು ಮೊದಲು ನೋಡಿ.

ಗ್ರ್ಯಾಂಡ್ ಸ್ಲಾಮ್ (ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳು) ಡಬಲ್ಸ್‌ನಲ್ಲಿ 64 ಜೋಡಿಗಳಿರುತ್ತವೆ, ಪ್ರಶಸ್ತಿಗೆ 6 ಪಂದ್ಯ ಗೆಲ್ಲಬೇಕು. ಬೋಪಣ್ಣ ಮತ್ತು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಅವರಿಗೆ ಎರಡನೇ ಶ್ರೇಯಾಂಕವಿತ್ತು. ಆದರೂ ಮೊದಲ ಸುತ್ತಿನಲ್ಲೇ ಆತಿಥೇಯ ದೇಶದ ಡಕ್‌ವರ್ತ್–ಪೋಲ್ಮನ್ಸ್ ಜೋಡಿ ಅವರನ್ನು ಮೂರನೇ ಸೆಟ್‌ನ ಟೈಬ್ರೇಕ್‌ವರೆಗೆ (6-6 ಸಮವಾದಾಗ ಸೆಟ್ ತೀರ್ಮಾನಿಸುವ ಕೊನೆಯ ಗೇಮ್) ಎಳೆದೊಯ್ದಿತು. ಎರಡನೇ ಸುತ್ತು ಸಲೀಸಾಗಿ ಮುಗಿಯಿತು. ಮೂರನೇ ಸುತ್ತಿನಲ್ಲಿ ಕೂಲ್‌ಹಾಫ್–ಮೆಕ್ಟಿಚ್ ವಿರುದ್ಧ ಎರಡೂ ಸೆಟ್‌ಗಳು ಟೈಬ್ರೇಕ್‌ಗೆ ಹೋದವು. ಕ್ವಾರ್ಟರ್‌ಫೈನಲ್‌ನಲ್ಲಿ ಒಂದು, ಸೆಮಿಫೈನಲ್‌ನಲ್ಲಿ ಒಂದು, ಫೈನಲ್‌ನಲ್ಲಿ ಇನ್ನೊಂದು. ಮೊದಲ ಸುತ್ತಿನ ಮೊದಲ ಸೆಟ್‌ನದ್ದೂ ಸೇರಿ ಒಟ್ಟು ಏಳು ಟೈಬ್ರೇಕ್ ಆಡಿದರು, ಏಳನ್ನೂ ಗೆದ್ದರು. ಅವುಗಳಲ್ಲಿ ಎರಡು ನಿರ್ಣಾಯಕ ಸೆಟ್‌ನ ಹತ್ತು ಪಾಯಿಂಟ್‌ಗಳ ಟೈಬ್ರೇಕ್. ಆ ಎರಡರಲ್ಲಿ ಯಾವುದು ಕೈತಪ್ಪಿದ್ದರೂ ಅವರು ಅಂದೇ ಮನೆಗೆ ಹೊರಡಬೇಕಿತ್ತು.

ಡಬಲ್ಸ್‌ನ ಜೀವ ಇರುವುದು ಇಲ್ಲೇ. ಒಬ್ಬ ಸರ್ವ್ ಮಾಡುವಾಗ ಜೊತೆಗಾರ ಆಗಲೇ ನೆಟ್ ಬಳಿ ನಿಂತಿರುತ್ತಾನೆ. ಎದುರಾಳಿ ಚೆಂಡನ್ನು ಸ್ವಲ್ಪ ಎತ್ತರಕ್ಕೆ ಹಿಂತಿರುಗಿಸಿದರೂ ಸಾಕು, ಅದು ಅಲ್ಲೇ ಮುಗಿಯಿತು. ಹಾಗಾಗಿ ಒಳ್ಳೆಯ ಜೋಡಿಗಳು ತಮ್ಮ ಸರ್ವ್ ಬಿಟ್ಟುಕೊಡುವುದು, ಅಂದರೆ ತಾವು ಸರ್ವ್ ಮಾಡುವ ಗೇಮ್ ಸೋಲುವುದು, ಅಪರೂಪ, ಇಡೀ ಸೆಟ್ ಒಂದೆರಡು ಪಾಯಿಂಟ್‌ಗಳ ಮೇಲೆ ನಿಂತುಬಿಡುತ್ತದೆ. ಸಿಂಗಲ್ಸ್ ಆಟಗಾರ ಒಂದು ಗೇಮ್ ಸೋತರೆ ಮುಂದೆ ಸರಿಪಡಿಸಿಕೊಳ್ಳಲು ಕಾಲಾವಕಾಶ ಇರುತ್ತದೆ, ಇಲ್ಲಿ ಅದು ಬಹಳ ಕಡಿಮೆ. ಗ್ರ್ಯಾಂಡ್ ಸ್ಲಾಮ್ ಬಿಟ್ಟು ಎಟಿಪಿ ಟೂರ್‌ನ (ಪುರುಷರ ವೃತ್ತಿಪರ ಟೆನಿಸ್) ಟೂರ್ನಿಗಳಲ್ಲಂತೂ 40–40 ಆದರೆ ಅಡ್ವಾಂಟೇಜ್ (ಸತತ ಎರಡು ಪಾಯಿಂಟ್ ಗೆಲ್ಲಬೇಕೆಂಬ ನಿಯಮ) ಇಲ್ಲ, ಮುಂದಿನ ಒಂದೇ ಪಾಯಿಂಟ್‌ನಲ್ಲಿ ಗೇಮ್ ತೀರ್ಮಾನವಾಗುತ್ತದೆ.

ಓಡಾಟ ಕಡಿಮೆ ಎಂಬುದು ನಿಜ. ಅಂಗಣದ ಅಗಲ 27 ಅಡಿಯಿಂದ 36 ಅಡಿಗೆ ಏರಿದರೂ ಅದನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಬೋಪಣ್ಣ ಅವರಿಗೆ ಈ ಆಟ ಒಗ್ಗಿದ್ದಕ್ಕೆ ಇದೂ ಒಂದು ಕಾರಣ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕಾಲಿಗೆ ಉಳಿದ ಶ್ರಮ ಕಣ್ಣಿಗೂ ಕೈಗೂ ಬೀಳುತ್ತದೆ. ನಾಲ್ವರೂ ನೆಟ್ ಬಳಿ ಬಂದಾಗ ಹೊಡೆತ ಎಲ್ಲಿಗೆ ಬರುತ್ತದೆ ಎಂದು ಯೋಚಿಸಿ ಆಡಲು ಪುರುಸೊತ್ತು ಇರುವುದಿಲ್ಲ. ಚೆಂಡು ಹೊರಡುವ ಮುಂಚೆಯೇ ಅದು ಎಲ್ಲಿಗೆ ಬೀಳುತ್ತದೆಂದು ಗೊತ್ತಾಗಬೇಕು. ಆ ಅಂದಾಜು ವರ್ಷಗಟ್ಟಲೆ ಆಡಿದವರಿಗೇ ಒಲಿಯುವುದು. ಅದರ ಜೊತೆಗೆ ಬೋಪಣ್ಣ ಅವರ ಸರ್ವ್. ಎತ್ತರದ ಆಳು, ಭುಜದ ಬಲ ಕೊನೆಯವರೆಗೂ ಕುಂದಲಿಲ್ಲ. ಮಂಡಿಯ ಮೃದ್ವಸ್ಥಿ ಸವೆದುಹೋಗಿದ್ದು, ಅಯ್ಯಂಗಾರ್ ಯೋಗದಿಂದ ತಮಗೆ ನೋವಿಲ್ಲದೆ ಆಡಲು ಸಾಧ್ಯವಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ.

“ಸಿಂಗಲ್ಸ್‌ನಲ್ಲಿ ನಿಲ್ಲಲಾಗದವರು” ಎಂದಿರಲ್ಲ, ಅದಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿ. ಇದೇ ಎಬ್ಡೆನ್ ಅಲ್ಲಿ ಸಿಂಗಲ್ಸ್ ಮೊದಲ ಸುತ್ತಿನಲ್ಲಿ ಜೊಕೊವಿಚ್ ಎದುರು 6-0, 6-1ರಿಂದ ಸೋತರು. ಅದೇ ಒಲಿಂಪಿಕ್ಸ್‌ನಲ್ಲಿ ಜಾನ್ ಪಿಯರ್ಸ್ ಜೊತೆ ಡಬಲ್ಸ್ ಚಿನ್ನ ಗೆದ್ದರು. ನಡಾಲ್ ಮತ್ತು ಅಲ್ಕರಾಜ್ ಜೋಡಿಯಾಗಿ ಬಂದಾಗ ಇಡೀ ಕ್ರೀಡಾಂಗಣ ಅವರ ಬೆನ್ನಿಗಿತ್ತು. ಆ ಜೋಡಿಯನ್ನು ಡಬಲ್ಸ್ ತಜ್ಞರಾದ ಅಮೆರಿಕದ ಕ್ರಾಯಿಚೆಕ್ ಮತ್ತು ರಾಜೀವ್ ರಾಮ್ ಕ್ವಾರ್ಟರ್‌ಫೈನಲ್‌ನಲ್ಲಿ 6-2, 6-4ರಿಂದ ಸೋಲಿಸಿದರು. 14 ಬಾರಿ ಫ್ರೆಂಚ್ ಓಪನ್ ಗೆದ್ದ ರೋಲಾಂ ಗ್ಯಾರೋಸ್ ಅಂಗಣದಲ್ಲೇ, ನಡಾಲ್ ಅವರನ್ನು! ಇವೆರಡೂ ಬೇರೆ ಬೇರೆ ವಿದ್ಯೆಗಳು. ಒಂದರಲ್ಲಿ ಮೇಲಿದ್ದವರು ಇನ್ನೊಂದರಲ್ಲೂ ತಾನಾಗಿಯೇ ಮೇಲಿರುತ್ತಾರೆ ಎಂದುಕೊಳ್ಳಬೇಡಿ.

ಹಣದ ವಿಷಯದಲ್ಲಿ ಮಾತ್ರ ಡಬಲ್ಸ್ ಆಟಗಾರರಿಗೆ ಅನ್ಯಾಯವಾಗುತ್ತಿದೆ ಎಂದೇ ನಾನು ನಂಬಿದ್ದೇನೆ. ಆ ವರ್ಷ ಆಸ್ಟ್ರೇಲಿಯನ್ ಓಪನ್ ನಡೆದ ಮೆಲ್ಬರ್ನ್‌ನಲ್ಲಿ ಸಿಂಗಲ್ಸ್ ವಿಜೇತನಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು, ಡಬಲ್ಸ್ ಗೆದ್ದ ಇಬ್ಬರಿಗೂ ಸೇರಿ 7.3 ಲಕ್ಷ.

ಇನ್ನು ಬೋಪಣ್ಣ ಅವರು ಕಾದ ಕಾಲ. ಕೊಡಗಿನ ಈ ಆಟಗಾರ 2010ರಲ್ಲೇ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್ ತಲುಪಿದ್ದರು. ಅಮೆರಿಕದ ಅವಳಿಗಳಾದ ಬ್ರಯಾನ್ ಸಹೋದರರ ವಿರುದ್ಧದ ಆ ಪಂದ್ಯದಲ್ಲಿ ಎರಡು ಟೈಬ್ರೇಕ್ ನಡೆದವು, ಎರಡೂ ಕೈತಪ್ಪಿದವು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ದಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರೂ ಪುರುಷರ ಡಬಲ್ಸ್ ಕಿರೀಟ ದೂರವೇ ಉಳಿಯಿತು. 2023ರ ಅಮೆರಿಕ ಓಪನ್ ಫೈನಲ್‌ನಲ್ಲಿ ಎಬ್ಡೆನ್ ಜೊತೆ ಮತ್ತೆ ಸೋಲು. ಆ ಪಂದ್ಯದಲ್ಲಿ ಚೆಂಡು ತಮ್ಮ ತೋಳಿಗೆ ಸವರಿಕೊಂಡು ಹೋಯಿತೆಂದು ತಾವಾಗಿಯೇ ಒಪ್ಪಿ ಪಾಯಿಂಟ್ ಬಿಟ್ಟುಕೊಟ್ಟರು. ಫೈನಲ್‌ನಲ್ಲಿ ಒಂದು ಪಾಯಿಂಟ್‌ನ ಬೆಲೆ ಎಷ್ಟೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆಗಲೂ ಹಾಗೆ ನಡೆದುಕೊಂಡರು ಎಂಬ ಕಾರಣಕ್ಕೆ ಅವರ ಮೇಲೆ ನನಗೆ ಎಲ್ಲ ಪ್ರಶಸ್ತಿಗಳಿಗಿಂತ ಹೆಚ್ಚಿನ ಗೌರವ.

2024ರ ಜನವರಿ 27, ಶನಿವಾರ. ಎದುರಿಗೆ ಇಟಲಿಯ ಬೊಲೆಲ್ಲಿ–ವವಾಸ್ಸೋರಿ. ಮೊದಲ ಸೆಟ್‌ನಲ್ಲಿ ಯಾರ ಸರ್ವ್ ಕೂಡ ಮುರಿಯಲಿಲ್ಲ, ಟೈಬ್ರೇಕ್ ಬಂತು. ಮನೆಯಲ್ಲಿ ಟಿ.ವಿ. ಮುಂದೆ ಕುಳಿತಿದ್ದ ನನಗೆ ಉಸಿರು ಬಿಗಿಹಿಡಿಯುವಷ್ಟೂ ಕೆಲಸ ಬೀಳಲಿಲ್ಲ: 7-0! ಎರಡನೇ ಸೆಟ್ 5-5 ಆಗಿದ್ದಾಗ ವವಾಸ್ಸೋರಿ ಸರ್ವ್ ಮುರಿದು 7-5ರಲ್ಲಿ ಮುಗಿಸಿದರು. ಮುಕ್ತ ಯುಗದಲ್ಲಿ (ವೃತ್ತಿಪರರಿಗೂ ಅವಕಾಶ ಸಿಕ್ಕ 1968ರಿಂದೀಚೆಗೆ) ಪುರುಷರ ಡಬಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದ ಅತಿ ಹಿರಿಯ ಆಟಗಾರ ಎಂಬ ದಾಖಲೆ 40 ವರ್ಷದ ಜೀನ್ ಜೂಲಿಯನ್ ರೋಜರ್ ಅವರದ್ದಾಗಿತ್ತು, ಅಂದು ಅದು ಬೋಪಣ್ಣ ಅವರ ಪಾಲಾಯಿತು. ಮರು ಸೋಮವಾರ ಅವರು ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೂ ಏರಿದರು. 2025ರ ನವೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು.

ನಿಮಗೆ ಇನ್ನೂ ಅನುಮಾನವಿದ್ದರೆ ಫೈನಲ್ ಬಿಡಿ, ಸೆಮಿಫೈನಲ್ ಹುಡುಕಿ ನೋಡಿ. ಅಲ್ಲಿನ ಎದುರಾಳಿಗಳಾದ ಮಖಾಚ್ ಮತ್ತು ಝಾಂಗ್ ಝಿಝೆನ್ ಇಬ್ಬರೂ ಒಳ್ಳೆಯ ಸಿಂಗಲ್ಸ್ ಆಟಗಾರರು, ಬೋಪಣ್ಣ ಅವರಿಗಿಂತ ಬಹಳ ಚಿಕ್ಕವರು, ಹೊಡೆತಗಳೂ ಬಿರುಸು. ಮೂರನೇ ಸೆಟ್‌ನಿಂದ ಶುರುಮಾಡಿ. ಚೆಂಡಿನ ಹಿಂದೆ ಕಣ್ಣು ಓಡಿಸದೆ ನೆಟ್ ಬಳಿ ನಿಂತವರನ್ನೇ ಗಮನಿಸಿ: ಸರ್ವ್‌ಗೆ ಮುಂಚೆ ಜೊತೆಗಾರರು ಏನು ಮಾತಾಡಿಕೊಳ್ಳುತ್ತಾರೆ, ಚೆಂಡು ಹೊರಟ ಕೂಡಲೇ ಯಾರು ಯಾವ ಕಡೆಗೆ ಜಿಗಿಯುತ್ತಾರೆ, ಯಾರು ಜಿಗಿದಂತೆ ತೋರಿಸಿ ಅಲ್ಲೇ ನಿಲ್ಲುತ್ತಾರೆ. ಟೈಬ್ರೇಕ್ 10-7ರಲ್ಲಿ ಮುಗಿಯುತ್ತದೆ.