ಡೆಂಗ್ಯೂ ಬಂದು ಎರಡು ತಿಂಗಳು ಓಟ ನಿಂತಿದೆ. ಮತ್ತೆ ಶುರು ಮಾಡೋದು ಹೇಗೆ?

ಪ್ಲೇಟ್‌ಲೆಟ್ ಏರಿತು, ಇನ್ನು ಓಡಬಹುದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಜ್ವರ ಬಿಟ್ಟ ಮೇಲೆ ಪ್ಲೇಟ್‌ಲೆಟ್ ಬೇಗ ಸರಿಯಾಗುತ್ತದೆ, ಸುಸ್ತು ಮಾತ್ರ ವಾರಗಟ್ಟಲೆ ಕಾಡಬಹುದು. ಹಾಗಾಗಿ ರಿಪೋರ್ಟ್‌ಗಿಂತ ಮೈ ಮಾತು ಕೇಳಿ. ಅರ್ಧ ಗಂಟೆ ಚುರುಕಾಗಿ ನಡೆದು, ಮಾರನೇ ದಿನವೂ ಆರಾಮಾಗಿದ್ದರೆ ಶುರು ಮಾಡಬಹುದು.

ಮೊದಲ ಎರಡು ವಾರ ದಿನ ಬಿಟ್ಟು ದಿನ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೇ ಒಟ್ಟು 20 ನಿಮಿಷ ಸಾಕು. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನ ಇರಲಿ. ವಾಚ್ ನಿಮಿಷ ನೋಡೋಕೆ ಮಾತ್ರ ಇರಲಿ, ಹಳೇ ಸ್ಪೀಡ್ ನೋಡಿದರೆ ಸುಮ್ನೆ ಹೊಟ್ಟೆ ಉರಿ.

ನನ್ನ ಪ್ರಕಾರ ಎಡವಟ್ಟಾಗೋದು ಮೂರನೇ ವಾರ. ಉಸಿರು ಹಿಡಿತಕ್ಕೆ ಬಂದಿರುತ್ತದೆ, ಹುಮ್ಮಸ್ಸು ಜಾಸ್ತಿ. ಆದರೆ ಮಂಡಿ, ಮೀನಖಂಡ, ಹಿಮ್ಮಡಿ ಇನ್ನೂ ಪಳಗಿರಲ್ಲ. ಗೆಳೆಯರು 10 ಕಿ.ಮೀ. ಓಟದ ಸ್ಪರ್ಧೆಗೆ ಹೆಸರು ಕೊಟ್ಟರು ಅಂತ ನೀವೂ ಕೊಡಬೇಡಿ, ಓಟ ಮುಂದಿನ ವರ್ಷವೂ ಇರುತ್ತದೆ ಅಲ್ವಾ?

ಬೆಳಿಗ್ಗೆ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ. ದಿನಾ 62 ಇರುವುದು ಇವತ್ತು 72 ದಾಟಿದ್ದರೆ ಓಟಕ್ಕೆ ರಜೆ. ನೀರು ಜಾಸ್ತಿ ಕುಡಿಯಿರಿ, ಮೊಟ್ಟೆ, ಬೇಳೆ, ಮೊಳಕೆಕಾಳು ಊಟದಲ್ಲಿರಲಿ.

ಎದೆ ನೋವು, ತಲೆ ಸುತ್ತು, ಎದೆ ತಾಳತಪ್ಪಿ ಹೊಡೆದುಕೊಳ್ಳುವುದು ಕಂಡರೆ ಅಲ್ಲೇ ನಿಲ್ಲಿಸಿ. ಅಪರೂಪಕ್ಕೆ ಡೆಂಗ್ಯೂ ಹೃದಯದ ಸ್ನಾಯುವಿಗೂ ಊತ ತರುತ್ತದೆ. ಡಾಕ್ಟರ್ ಹತ್ತಿರ ಹೋಗಿ ಇಸಿಜಿ ಮಾಡಿಸದೆ ಮತ್ತೆ ಓಡಬೇಡಿ.